ಟ್ರಾಸ್ಟುಜುಮ್ಯಾಬ್: ಸ್ತನ ಕ್ಯಾನ್ಸರಿನ ಈ ಔಷಧ ಯಾರಿಗೆ, ಎಷ್ಟು ಸುರಕ್ಷಿತ?

ಅಜ್ಜಾವರ (ಸುಳ್ಯ): ಸ್ತನ ಕ್ಯಾನ್ಸರಿಗೆ ನೀಡುವ ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ದುಬಾರಿ ಎಂಬುದು ಬಹುತೇಕರಿಗೆ ಗೊತ್ತು. ಆದರೆ ಅದು ಎಲ್ಲ ರೋಗಿಗಳಿಗೂ ಫಲ ನೀಡುವ ಔಷಧವಲ್ಲ. ಸಾಲ ಮಾಡಿ ಹಣ ಹೊಂದಿಸುವ ಮುನ್ನ ಎರಡು ವರದಿಗಳನ್ನು ನೋಡಲೇಬೇಕು.

ಮೊದಲನೆಯದು ‘ಹರ್-2’ ವರದಿ. ಕೆಲವು ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ಈ ಪ್ರೋಟೀನ್ ಮಿತಿಮೀರಿ ಇದ್ದು, ಕೋಶಗಳು ಬೇಗ ಬೇಗ ವಿಭಜನೆಯಾಗುವಂತೆ ಪ್ರಚೋದಿಸುತ್ತದೆ. ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯವು ಅದಕ್ಕೆ ಅಂಟಿಕೊಂಡು ಪ್ರಚೋದನೆಯನ್ನು ತಡೆಯುತ್ತದೆ. ಆ ಕೋಶವನ್ನು ನಾಶಪಡಿಸಲು ರೋಗನಿರೋಧಕ ವ್ಯವಸ್ಥೆಗೂ ನೆರವಾಗುತ್ತದೆ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಇಂತಹವರು ನೂರಕ್ಕೆ ಸುಮಾರು 15ರಿಂದ 20 ಮಂದಿ ಮಾತ್ರ. ಗಡ್ಡೆಯ ತುಣುಕಿನ ಪರೀಕ್ಷೆಯಲ್ಲಿ 3+ ಬಂದರೆ ಪಾಸಿಟಿವ್. 0 ಅಥವಾ 1+ ಬಂದರೆ ಈ ಔಷಧ ಸೂಕ್ತವಲ್ಲ. 2+ ಬಂದರೆ ‘ಫಿಶ್’ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಹೃದಯದ ಎಕೋ ವರದಿ. ಈ ಔಷಧವು ಕೆಲವರಲ್ಲಿ ಹೃದಯದ ಪಂಪು ಮಾಡುವ ಶಕ್ತಿಯನ್ನು ಕುಗ್ಗಿಸಬಹುದು. ಆದ್ದರಿಂದ ಚಿಕಿತ್ಸೆಗೆ ಮುನ್ನವೂ, ನಂತರ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯೂ ಎಕೋ ಅಗತ್ಯ. ಏದುಸಿರು, ಕಾಲು ಊತ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೊದಲ ಡೋಸಿನ ವೇಳೆ ಚಳಿಜ್ವರ ಬರುವುದುಂಟು. ಗರ್ಭದಲ್ಲಿರುವ ಶಿಶುವಿಗೆ ಇದು ಹಾನಿಕರವಾದ್ದರಿಂದ, ಕೊನೆಯ ಡೋಸಿನ ನಂತರವೂ ಏಳು ತಿಂಗಳು ಗರ್ಭನಿರೋಧ ಪಾಲಿಸಬೇಕು.

ಅಮೆರಿಕದಲ್ಲಿ 1998ರಲ್ಲಿ ಅನುಮತಿ ಪಡೆದ ಈ ಔಷಧದ ಜೈವಿಕ ಸಮಾನ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಕಡಿಮೆ ದರಕ್ಕೆ ಭಾರತದ ಮಾರುಕಟ್ಟೆಗೆ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮ್ಯಾಬ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2017ರ ಡಿಸೆಂಬರಿನಲ್ಲಿ ಬಯೋಕಾನ್–ಮೈಲಾನ್ ಔಷಧಕ್ಕೆ ಅಮೆರಿಕದ ಅನುಮತಿಯೂ ದೊರೆಯಿತು.

ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ನೀಡುವಾಗ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಔಷಧ ಮುಂದುವರಿಯುತ್ತದೆ. ಅಂದರೆ ಅಜ್ಜಾವರದಂತಹ ಊರಿನವರು ಚಿಕಿತ್ಸೆಗಾಗಿ ಮಂಗಳೂರಿಗೆ ಹದಿನೇಳು–ಹದಿನೆಂಟು ಬಾರಿ ಹೋಗಿ ಬರಬೇಕು. ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಮತ್ತೆ ಹೆಚ್ಚಿನ ಆರಂಭಿಕ ಡೋಸ್ ಬೇಕಾಗುತ್ತದೆ, ಖರ್ಚೂ ಏರುತ್ತದೆ. ಆದ್ದರಿಂದ ಇಡೀ ವರ್ಷದ ವೆಚ್ಚ, ಪ್ರಯಾಣ ಹಾಗೂ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಚೀಟಿಯಲ್ಲಿನ ಹೆಸರನ್ನು ಪೂರ್ತಿ ಓದಿಕೊಳ್ಳಿ. ಟ್ರಾಸ್ಟುಜುಮ್ಯಾಬ್ ಎಮ್ಟಾನ್ಸಿನ್, ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಬೇರೆಯೇ ಔಷಧಗಳು; ಅವುಗಳ ಡೋಸೂ ಬೇರೆ. ಒಂದರ ಬದಲು ಇನ್ನೊಂದನ್ನು ನೀಡುವುದು ಪ್ರಾಣಕ್ಕೆ ಅಪಾಯ.