ಆದವಾನಿ ಪುರಸಭೆಯ ತಿಂಗಳ ಸಭೆ

ಪ್ರಶ್ನೆ: ಆದವಾನಿ ಪುರಸಭೆ ಬಳ್ಳಾರಿ ಜಿಲ್ಲೆಯ ಕಾಲದ್ದೇ? ಅದರ ಸಭೆಗಳಲ್ಲಿ ಏನು ನಡೆಯುತ್ತದೆ?

ಉತ್ತರ: ಹೌದು. ಈ ಪುರಸಭೆ ರಚನೆಯಾದದ್ದು 1865ರಲ್ಲಿ. ಆಗ ಆದವಾನಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಜಿಲ್ಲೆ, ರಾಜ್ಯ, ಕಡತದ ಭಾಷೆ ಬದಲಾದರೂ ಪುರಸಭೆ ಮುಂದುವರಿಯಿತು.

ಸಭೆಯ ಕೆಲಸ ಹೊರಗಿನವರಿಗೆ ನೀರಸ ಅನಿಸಬಹುದು. ಕಾರ್ಯಸೂಚಿಯ ವಿಷಯಗಳನ್ನು ಒಂದೊಂದಾಗಿ ಓದುತ್ತಾರೆ: ಚರಂಡಿ ದುರಸ್ತಿಯ ಟೆಂಡರ್, ಬೀದಿದೀಪ, ಮಾರುಕಟ್ಟೆ ಮಳಿಗೆಯ ಹರಾಜು. ತಕರಾರಿಲ್ಲದಿದ್ದರೆ ಅನುಮೋದನೆ, ನಡಾವಳಿಯಲ್ಲಿ ದಾಖಲು.

ಆದರೆ ನೀರಿನ ವಿಷಯ ಬಂದಾಗ ಊರೇ ಕಿವಿಗೊಡಬೇಕು. ಆದವಾನಿಗೆ ನೀರು ಬರುವುದು ತುಂಗಭದ್ರೆಯ ಕೆಳಮಟ್ಟದ ಕಾಲುವೆಯಿಂದ. ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ಅಧಿಕಾರ ತುಂಗಭದ್ರಾ ಮಂಡಳಿಯದು, ಪುರಸಭೆಯದಲ್ಲ. ಹರಿವು ನಿಲ್ಲುವ ಮೊದಲೇ ಬಸಲದೊಡ್ಡಿಯ ಬೇಸಿಗೆ ಕೆರೆ ತುಂಬಿಸಿಕೊಳ್ಳಬೇಕು. ಹಾಗಾಗಿ ಪಂಪ್ ದುರಸ್ತಿಯ ಪುಟ್ಟ ಠರಾವು ನನ್ನ ಮಟ್ಟಿಗೆ ದೊಡ್ಡ ಭಾಷಣಕ್ಕಿಂತ ಮುಖ್ಯ. ಅದು ತಡವಾದರೆ ಏಪ್ರಿಲ್‌ನಲ್ಲಿ ಕೊಡ ಹಿಡಿದು ಕಾಯುವವರು ಮನೆಯ ಹೆಂಗಸರು. ನಿಮ್ಮ ವಾರ್ಡಿನ ಸದಸ್ಯರನ್ನು ಕೇಳುವುದಾದರೆ ಕೆರೆಯ ಮಟ್ಟವನ್ನೇ ಮೊದಲು ಕೇಳಿ.