ಸೋತ ಮೇಲೂ ಸಮಾಲೋಚನೆ

ಕುರ್‌ಆನ್‌ನ 42ನೇ ಅಧ್ಯಾಯದ ಹೆಸರೇ 'ಶೂರಾ', ಅಂದರೆ ಸಮಾಲೋಚನೆ. ಕ್ರಿ.ಶ. 625ರಲ್ಲಿ ಮಕ್ಕಾದ ಸೈನ್ಯ ಏರಿ ಬಂದಾಗ ಮದೀನಾದೊಳಗಿದ್ದೇ ಎದುರಿಸುವುದು ಲೇಸೆಂಬುದು ಪ್ರವಾದಿ ಮುಹಮ್ಮದರ ಅಭಿಪ್ರಾಯವಾಗಿತ್ತು. ಹೊರಗೆ ಹೋಗಿಯೇ ಹೋರಾಡೋಣವೆಂದು ಯುವಕರು ಪಟ್ಟು ಹಿಡಿದರು, ಪ್ರವಾದಿಯವರು ಒಪ್ಪಿದರು. ಉಹುದ್ ಬೆಟ್ಟದ ಬಳಿ ಸೋಲಾಯಿತು. ಹಾಗೆಂದು ಸಲಹೆ ಕೇಳುವುದು ನಿಲ್ಲಲಿಲ್ಲ. ಅನುಯಾಯಿಗಳನ್ನು ಕ್ಷಮಿಸಿ, ಅವರೊಡನೆ ಸಮಾಲೋಚಿಸಬೇಕೆಂಬ 3ನೇ ಅಧ್ಯಾಯದ 159ನೇ ವಚನ ಈ ಸೋಲಿನ ಬಳಿಕದ್ದು.

ಇಂದಿನ ಶಾಲೆಗಳಲ್ಲಿ ಸಲಹೆಗೆ ಎಷ್ಟು ಬೆಲೆ? 2009ರ ಶಿಕ್ಷಣ ಹಕ್ಕು ಕಾಯ್ದೆಯು ಸರಕಾರಿ, ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರಿರಬೇಕೆಂದಿತು. ಆದರೆ 2012ರ ತಿದ್ದುಪಡಿಯಂತೆ ಅನುದಾನಿತ ಶಾಲೆಗಳಲ್ಲಿ ಈ ಸಮಿತಿಯದ್ದು ಬರೇ ಸಲಹೆ.  ಪಾಲಕರ ಮಾತು ನಡೆಯುವುದು, ಬಿಡುವುದು ಸಂಚಾಲಕರ ಮರ್ಜಿ.