ಹಳೆಯ ಮೋಟಾರಿನ ಗಂಗೆದೊಗಲು

೧೯೪೨ರ ಹುತಾತ್ಮರ ಸ್ಮಾರಕವನ್ನು ನೋಡಲು ಬರುವವರ ವಾಹನಗಳು ಈಸೂರಿನ ಮಕ್ಕಳಿಗೆ ಹೊಸತಲ್ಲ. ಆದರೆ ಕಳೆದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಬಂದು ನಿಂತ ಪುಟ್ಟ ಗಾಡಿಯ ಸುತ್ತ ಮಕ್ಕಳಷ್ಟೇ ಅಲ್ಲ, ಎಲೆಯಡಕೆ ಮೆಲ್ಲುತ್ತಿದ್ದ ಹಿರಿಯರೂ ನೆರೆದರು. “ಇದು ಅಂಬಾಸಿಡರಿನ ಕರು” ಎಂದನೊಬ್ಬ. ನಾವು ಬಹುಕಾಲ ಪಾಠ ಹೇಳಿದ ಗತ್ತಿನಿಂದ, “ಅಲ್ಲ, ಹಳೆಯ ಫಿಯಟ್” ಎಂದು ತೀರ್ಪು ಕೊಟ್ಟೆವು. ಗಾಡಿಯೊಡೆಯರು ಮೆಲ್ಲನೆ ನಕ್ಕು, “ಮಾರಿಸ್ ಮೈನರ್, ಸ್ವಾಮಿ” ಎಂದರು. ನಮಗಿಂತ ಊರವನ ಮಾತೇ ದಿಟಕ್ಕೆ ಹತ್ತಿರವಾಗಿತ್ತು. ೧೯೫೭ರಿಂದ ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಿಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಮೂಡಿದುದು. ಮೈನರ್ ಅದೇ ಮನೆತನದ ಕಿರಿಯ ಕುಡಿ.

ತರ್ಕವನ್ನೋದಿದ ನಮಗೆ ಈ ತಪ್ಪು ಸಲ್ಲದು. ಗೋವಿನ ಲಕ್ಷಣವನ್ನು ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಒಳಗೆ ಬಂದು ಅತಿವ್ಯಾಪ್ತಿಯಾಗುತ್ತದೆ. ‘ಕಪಿಲವರ್ಣದ್ದು’ ಎಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ಕೊರಳಡಿಯಲ್ಲಿ ಜೋಲುವ ಗಂಗೆದೊಗಲೇ ನಿಜವಾದ ಲಕ್ಷಣ. ಮೋಟಾರಿನ ಬಣ್ಣವೂ ಮೂತಿಯ ಮುದ್ರೆಯೂ ಬರಿಯ ಕೊಂಬುಗಳು. ಬಣ್ಣ ಬದಲಾದೀತು, ಮುದ್ರೆಯನ್ನು ಕಿತ್ತು ಬೇರೊಂದಕ್ಕೆ ಹಚ್ಚಿಯಾರು. ರೋಲ್ಸ್ ರಾಯ್ಸ್ ಗಾಡಿಗೆ ಚಾರ್ಲ್ಸ್ ಸೈಕ್ಸ್ ೧೯೧೧ರಲ್ಲಿ ರೂಪಿಸಿದ ಸ್ತ್ರೀಮೂರ್ತಿಯನ್ನು ಎಲ್ಲರೂ ಬಲ್ಲರು. ಬಲ್ಲವರು ಮೊದಲು ನೋಡುವುದು ಗ್ರೀಕರ ದೇವಾಲಯದ ಮುಖಮಂಟಪದಂತಿರುವ ರೇಡಿಯೇಟರನ್ನು. ಅಮೆರಿಕದ ಬ್ಯೂಯಿಕ್ ಗಾಡಿಗೆ ೧೯೪೯ರಲ್ಲಿ ಮುಂದಿನ ಪಕ್ಕೆಯ ಮೇಲೆ ಸಾಲುರಂಧ್ರಗಳು ಬಂದವು. ರೋಡ್‌ಮಾಸ್ಟರಿಗೆ ನಾಲ್ಕು, ಅದಕ್ಕಿಂತ ಕೆಳದರ್ಜೆಯವಕ್ಕೆ ಮೂರು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನ ವಯಸ್ಸನ್ನು ಬೆನ್ನಿನ ಗಾಜೇ ಹೇಳುತ್ತದೆ: ಎರಡು ಹೋಳಾಗಿದ್ದರೆ ೧೯೫೩ರವರೆಗಿನದು, ಮೊಟ್ಟೆಯಾಕಾರವಾಗಿದ್ದರೆ ಆಮೇಲೆ ೧೯೫೭ರವರೆಗಿನದು. ಈ ಅಭ್ಯಾಸಕ್ಕೆ ಧರ್ಮಸ್ಥಳದ ಕಾರು ಸಂಗ್ರಹಾಲಯವೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ವೂ ಒಳ್ಳೆಯ ಗುರುಕುಲಗಳು.

ಮೈನರಿನ ಗಂಗೆದೊಗಲನ್ನು ಆ ಅತಿಥಿಗಳೇ ನಮಗೆ ತೋರಿಸಿದರು. ಮೂತಿಯ ಮುಚ್ಚಳದ ನಡುವೆ ಉದ್ದಕ್ಕೂ ಅಗಲವಾದ ಉಬ್ಬು ಪಟ್ಟಿಯೊಂದು ಹರಿದಿತ್ತು. ೧೯೪೮ರಲ್ಲಿ ಈ ಗಾಡಿ ಪೇಟೆಗೆ ಬರುವ ಮುನ್ನ ಅದನ್ನು ರೂಪಿಸಿದ ಅಲೆಕ್ ಇಸಿಗೊನಿಸ್‌ಗೆ ಮಾದರಿ ತೀರ ಇಕ್ಕಟ್ಟಾಗಿ ಕಂಡಿತಂತೆ. ಅದನ್ನು ಉದ್ದಕ್ಕೆ ಸೀಳಿಸಿ, ಹೋಳುಗಳನ್ನು ಸರಿಸಿ ನೋಡಿ, ನಾಲ್ಕು ಅಂಗುಲ ಅಗಲ ಮಾಡಿಸಿದನು. ಆ ಸೇರ್ಪಡೆಯ ಗುರುತೇ ಈ ಪಟ್ಟಿ. ಮುಂದಿನ ಗಾಜು ಎರಡು ಹೋಳಾಗಿದ್ದರೆ ಗಾಡಿ ೧೯೫೬ಕ್ಕೆ ಮುಂಚಿನದು, ಒಂದೇ ಹಲಗೆಯಾಗಿದ್ದರೆ ಆಮೇಲಿನದು.

ಪಟ್ಟಿಯ ಮೇಲೆ ಕೈಯಾಡಿಸುತ್ತಿದ್ದಂತೆ ನಮ್ಮ ಎದೆ ಧಸಕ್ಕೆಂದಿತು. ಇಂಥದೇ ಉಬ್ಬನ್ನು ನಾವು ಎಷ್ಟೋ ಸಲ ನೋಡಿದ್ದೆವು, ನೆರೆಮನೆಯ ಕೊಟ್ಟಿಗೆಯಲ್ಲಿ! ಬೆಂಗಳೂರಿನ ಮಗ ಕೊಟ್ಟಿಗೆಯನ್ನು ತೆರವು ಮಾಡಿಸಲು ಹೇಳಿದ್ದನು. ಸೋಮವಾರ ಗುಜರಿಯವನು ಬಂದು ಗಾಡಿಯನ್ನು ತೂಕದ ಲೆಕ್ಕದಲ್ಲಿ ಒಯ್ಯುವುದೆಂದು ನಿಶ್ಚಯವಾಗಿತ್ತು.

ಸಂಜೆ ಹೋಗಿ ಹುಲ್ಲಿನ ಹೊರೆಗಳನ್ನು ಸರಿಸಿದೆವು. ಕೋಳಿಯ ಹಿಕ್ಕೆಯ ಕೆಳಗೆ ಪಟ್ಟಿ ಇತ್ತು. ಮುಂದಿನ ಗಾಜು ಎರಡು ಹೋಳು. ಮನೆಯೊಡತಿಯಾದ ವೃದ್ಧೆ ಬಾಗಿಲ ಬಳಿ ನಿಂತು, “ಮೇಷ್ಟ್ರೇ, ನನ್ನನ್ನು ಮದುವೆಯಾಗಿ ಈ ಊರಿಗೆ ಕರಕೊಂಡು ಬಂದದ್ದು ಇದರಲ್ಲೇ. ಗುಜರಿಗೆ ಬೇಡ ಅಂತ ಹೇಳೋದಕ್ಕೆ ನನಗೊಂದು ಕಾರಣ ಇರಲಿಲ್ಲ” ಎಂದರು. ಇಷ್ಟು ವರ್ಷ ಆ ಗಾಡಿಯನ್ನು ಕಂಡೂ ಕಾಣದಂತಿದ್ದ ನಮಗೆ ನಾಚಿಕೆಯಾಯಿತು.

ಕಾರಣವೊಂದನ್ನು ಕೊಡುವುದು ನಮ್ಮಿಂದಾಯಿತು. ೨೦೨೧ರಲ್ಲಿ ಕೇಂದ್ರ ಸರ್ಕಾರ ಮೋಟಾರು ನಿಯಮಗಳನ್ನು ತಿದ್ದಿ, ೫೦ ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಮುಂಚೆಯೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ನಿತ್ಯದ ಓಡಾಟಕ್ಕೆ ಅವು ಸಲ್ಲವು. ಪ್ರದರ್ಶನ, ರ್‍ಯಾಲಿ, ದುರಸ್ತಿ ಮೊದಲಾದವುಗಳಿಗೆ ರಸ್ತೆಗಿಳಿಸಬಹುದು. ಯಜಮಾನರ ಪೆಟ್ಟಿಗೆಯ ತಳದಲ್ಲಿ ನೋಂದಣಿಯ ಪುಸ್ತಕವೂ ಸಿಕ್ಕಿತು. ಅಂಚನ್ನು ಇಲಿ ಕಡಿದಿದ್ದರೂ ಸಂಖ್ಯೆ ಓದುವಂತಿತ್ತು. ಆ ರಾತ್ರಿಯೇ ತಾಯಿ ಮಗನಿಗೆ ಫೋನು ಮಾಡಿಸಿದರು.

ಸೋಮವಾರ ಗುಜರಿಯವನು ತಕ್ಕಡಿಯೊಡನೆ ಬಂದನು. ಮುರಿದ ನೇಗಿಲಿನ ಗುಳವನ್ನೂ ಎರಡು ತುಕ್ಕುಹಿಡಿದ ತಗಡುಗಳನ್ನೂ ಕೊಟ್ಟು ಅವನನ್ನು ಕಳುಹಿಸಿದರು. ಕೋಳಿಗಳಿಗೆ ಮಾತ್ರ ಹಿತ್ತಿಲಲ್ಲಿ ಬೇರೆ ಗೂಡು ಮಾಡಬೇಕಾಯಿತು.